ಸಸಿಹಿತ್ಲಿನ ಚಳಿಗಾಲದ ಅಲೆ: ಜನವರಿಯಲ್ಲಿ ಬಂದರೆ ಸರ್ಫ್ ಸಿಗುತ್ತದಾ?

ಹೊಸಬೋರ್ಡ್ (ಬೆಂಗಳೂರು):
ಎಲ್ಲರಿಗೂ ನಮಸ್ಕಾರ. ಸಂಕ್ರಾಂತಿ ಆಸುಪಾಸು ರಜೆ ಹಾಕಿ ಮಂಗಳೂರು ಹತ್ತಿರದ ಸಸಿಹಿತ್ಲಿಗೆ ಸರ್ಫಿಂಗ್ ಮಾಡಲು (ಬೋರ್ಡ್ ಮೇಲೆ ಅಲೆ ಸವಾರಿ) ಬರಬೇಕು ಅಂತಿದ್ದೇನೆ. ನೊರೆ ಅಲೆಯಲ್ಲಿ ಬೋರ್ಡ್ ಮೇಲೆ ಎದ್ದು ನಿಲ್ಲಲು ಬರುತ್ತದೆ. ಇನ್ನೂ ಮುರಿಯದ ಹಸಿರು ಅಲೆ ಹಿಡಿಯುವುದು ಈಗ ಕಲಿಯುತ್ತಿದ್ದೇನೆ. ತೊಂದರೆ ಏನೆಂದರೆ ಅಲೆಯ ಮುನ್ಸೂಚನೆ ಕೊಡುವ ಆ್ಯಪ್ ತೆರೆದಾಗಲೆಲ್ಲ ಅರ್ಧ ಮೀಟರ್, ಮುಕ್ಕಾಲು ಮೀಟರ್ ಅಂತಲೇ ತೋರಿಸುತ್ತದೆ, ಅಲೆ ಚೆನ್ನಾಗಿದೆ ಅಂತ ಕೊಡುವ ನಕ್ಷತ್ರ ಒಂದೂ ಇಲ್ಲ. ಗೆಳೆಯರು ಚಳಿಗಾಲದಲ್ಲಿ ಸುಮ್ನೆ ಹೋಗಬೇಡ ಅನ್ನುತ್ತಾರೆ. ಆ ಕಡೆಯವರು ಯಾರಾದರೂ ನಿಜ ಏನು ಅಂತ ಹೇಳ್ತೀರಾ? ಹವಾಮಾನ ಹೇಗಿರುತ್ತದೆ, ಎಷ್ಟು ಹೊತ್ತಿಗೆ ನೀರಿಗೆ ಇಳಿಯಬೇಕು, ಯಾವ ಬೋರ್ಡ್ ತರಬೇಕು, ಎಲ್ಲ ತಿಳಿಸಿ.

ಪಡುಗಡಲು (ಸುರತ್ಕಲ್):
ನೇರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಮ್ಮ ಕಡೆ ಒಳ್ಳೆಯ ಅಲೆ ಅಂದರೆ ಏಪ್ರಿಲ್, ಮೇ. ಆಮೇಲೆ ಮಳೆಯ ಜೋರು ಇಳಿದ ಮೇಲೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್. ಇಂಡಿಯನ್ ಓಪನ್ ಆಫ್ ಸರ್ಫಿಂಗ್ 2022ರಲ್ಲಿ ಪಣಂಬೂರಿನಲ್ಲಿ ಆಯಿತು, 2023 ಮತ್ತು 2024ರಲ್ಲಿ ಸಸಿಹಿತ್ಲಿನಲ್ಲಿ. ಮೂರೂ ಸಲ ಮೇ ಕೊನೆ, ಜೂನ್ ಶುರುವಿಗೇ ಇಟ್ಟರು. ಜನವರಿಯಲ್ಲಿ ಯಾಕೆ ಇಡುವುದಿಲ್ಲ ಅಂತ ಯೋಚಿಸಿ. ಡಿಸೆಂಬರ್‌ನಿಂದ ಮಾರ್ಚ್ ತನಕ ಎಷ್ಟೋ ದಿನ ಕಡಲು ಕೆರೆ ಹಾಗೆ ಇರುತ್ತದೆ. ರಜೆ ಉಳಿಸಿಕೊಂಡು ಏಪ್ರಿಲ್‌ನಲ್ಲಿ ಬನ್ನಿ.

ಅಳಿವೆಬಾಗಿಲು (ಮುಲ್ಕಿ):
ಪಡುಗಡಲು ಅವರು ಹೇಳಿದ್ದು ದೊಡ್ಡ ಅಲೆ ಹುಡುಕುವವರಿಗೆ ಸರಿ. ಆದರೆ ಕೇಳಿದವರು ಈಗಷ್ಟೇ ಹಸಿರು ಅಲೆ ಹಿಡಿಯಲು ಹೊರಟವರು. ಅವರಿಗೆ ಚಳಿಗಾಲದಷ್ಟು ಒಳ್ಳೆಯ ಕಾಲ ನಮ್ಮ ಕರಾವಳಿಯಲ್ಲಿ ಬೇರೆ ಇಲ್ಲ. ಮೇ ತಿಂಗಳ ಅಲೆಯಲ್ಲಿ ಹೊಸಬರು ಹೊರಗೆ ಈಜಿ ದಾಟುವುದರಲ್ಲೇ ಸುಸ್ತಾಗುತ್ತಾರೆ. ಜನವರಿಯಲ್ಲಿ ಅದೇ ಜಾಗದಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು, ಬರುವ ಅಲೆಯನ್ನು ನೋಡಿ, ಬೇಕಾದ್ದನ್ನು ಆರಿಸಿಕೊಳ್ಳಬಹುದು.

ಮೊದಲ ಮಾತು, ಎತ್ತರ ಒಂದನ್ನೇ ನೋಡಬೇಡಿ. ಆ್ಯಪ್‌ನಲ್ಲಿ ಎತ್ತರದ ಪಕ್ಕ ಸೆಕೆಂಡ್ ಅಂತ ಇನ್ನೊಂದು ಸಂಖ್ಯೆ ಇರುತ್ತದೆ. ಒಂದು ಅಲೆಯ ನೆತ್ತಿ ದಾಟಿದ ಮೇಲೆ ಮುಂದಿನ ಅಲೆಯ ನೆತ್ತಿ ಬರಲು ಹಿಡಿಯುವ ಹೊತ್ತು ಅದು. 0.7 ಮೀಟರ್, 6 ಸೆಕೆಂಡ್ ಅಂತ ಇದ್ದರೆ ಅದು ಹತ್ತಿರದ ಗಾಳಿ ಎಬ್ಬಿಸಿದ ಕದಡಿದ ನೀರು, ಬೋರ್ಡನ್ನು ತಳ್ಳುವ ಬಲ ಇರುವುದಿಲ್ಲ. ಅದೇ 0.7 ಮೀಟರ್, 15 ಸೆಕೆಂಡ್ ಅಂತ ಇದ್ದರೆ ಬೇರೆಯೇ ಕಥೆ. ಅಂಥ ಅಲೆಯ ಶಕ್ತಿ ನೀರಿನ ಆಳಕ್ಕೂ ಇಳಿದಿರುತ್ತದೆ, ಆಳ ಕಡಿಮೆಯಾಗುತ್ತಾ ಬಂದ ಹಾಗೆ ನಿಧಾನವಾಗಿ, ನೀರಡಿಯ ಮರಳ ದಿಣ್ಣೆ ಹತ್ತುವಾಗ ಎದ್ದು ನಿಲ್ಲುತ್ತದೆ. ಆ್ಯಪ್‌ನಲ್ಲಿ ಎರಡೂ ದಿನಕ್ಕೆ ಒಂದೇ ಎತ್ತರ, ದಡದಲ್ಲಿ ನಿಂತು ನೋಡಿದರೆ ಅಜಗಜಾಂತರ.

ಇನ್ನು ಈ ಅಲೆಗಳು ಬರುವುದು ಎಲ್ಲಿಂದ? ದಕ್ಷಿಣ ಹಿಂದೂ ಮಹಾಸಾಗರದಲ್ಲಿ, 40 ಡಿಗ್ರಿ ದಕ್ಷಿಣ ಅಕ್ಷಾಂಶದಿಂದ ಕೆಳಗೆ, ವರ್ಷವಿಡೀ ಬಿರುಗಾಳಿ ಇರುತ್ತದೆ. ಜನವರಿ ಅಲ್ಲಿಗೆ ಬೇಸಿಗೆ, ಹಾಗಾಗಿ ಜೋರು ಸ್ವಲ್ಪ ಕಡಿಮೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಅಲ್ಲಿ ಹುಟ್ಟಿದ 15, 16 ಸೆಕೆಂಡಿನ ಅಲೆಗಳ ಗುಂಪು ದಿನಕ್ಕೆ ಹೆಚ್ಚು ಕಡಿಮೆ 1000 ಕಿಲೋಮೀಟರ್ ಸಾಗುತ್ತದೆ. ನಮ್ಮ ದಡ ಮುಟ್ಟಲು ಸುಮಾರು ಒಂದು ವಾರ. ಅಂದರೆ ನಕ್ಷೆಯಲ್ಲಿ ಇವತ್ತು ಅಲ್ಲಿ ಬಿರುಗಾಳಿ ಕಂಡರೆ ನೀವು ಮುಂದಿನ ವಾರಕ್ಕೆ ಟಿಕೆಟ್ ನೋಡಬಹುದು. ನಕ್ಷತ್ರ ನೋಡಿ ಕೂರುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಹೊಸಬೋರ್ಡ್ (ಬೆಂಗಳೂರು):
ಇದು ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ 12 ಸೆಕೆಂಡಿಗಿಂತ ಜಾಸ್ತಿ ಇದ್ದರೆ ಬರಬಹುದು ಅಂತಲಾ? ದಿಕ್ಕಿನ ಬಾಣವೂ ಇರುತ್ತದೆ. ಕೆಲವು ದಿನ ಅದು ವಾಯವ್ಯದಿಂದ ಅಂತ ತೋರಿಸುತ್ತದೆ. ದಕ್ಷಿಣದಿಂದ ಬರುವುದಾದರೆ ವಾಯವ್ಯ ಯಾಕೆ?

ಮಸ್ಕತ್ತಿನಿಂದ:
ಅದಕ್ಕೆ ನಾನು ಉತ್ತರ ಕೊಡುತ್ತೇನೆ, ಯಾಕೆಂದರೆ ಆ ಗಾಳಿ ಬೀಸುವುದು ನಾನಿರುವ ಕಡೆ. ಊರು ಪಡುಬಿದ್ರಿ, ಕೆಲಸ ಒಮಾನಿನಲ್ಲಿ. ಇಲ್ಲಿ ಚಳಿಗಾಲದಲ್ಲಿ ಆಗಾಗ ವಾಯವ್ಯದಿಂದ ಜೋರು ಗಾಳಿ ಏಳುತ್ತದೆ, ಶಮಾಲ್ ಅನ್ನುತ್ತಾರೆ. ಇರಾನ್ ಮೇಲೆ ಒಂದು ಪಶ್ಚಿಮದ ಅಡಚಣೆ (ಪಡುವಣದಿಂದ ಮಳೆ, ಹಿಮ ಹೊತ್ತು ಬರುವ ಹವೆಯ ಸುಳಿ) ದಾಟಿ ಹೋಗುತ್ತದೆ, ಅದರ ಬೆನ್ನಿಗೆ ತಂಪು ಗಾಳಿ ಕೊಲ್ಲಿಯ ಮೇಲೆ ನುಗ್ಗುತ್ತದೆ. ಒಂದೆರಡು ದಿನ ಧೂಳು, ತಂಪು, ಕಡಲು ಒರಟು. ಆ ಗಾಳಿ ಎಬ್ಬಿಸಿದ ಅಲೆಯೇ ಅರಬ್ಬಿ ಸಮುದ್ರ ದಾಟಿ ಭಾರತದ ಪಡುವಣ ಕರಾವಳಿಗೆ ಬರುವುದು. ಇದರ ಬಗ್ಗೆ ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಅಧ್ಯಯನವನ್ನೂ ಮಾಡಿದ್ದಾರೆ.

ಈ ಅಲೆ ದಕ್ಷಿಣದ್ದರಷ್ಟು ಉದ್ದದ್ದಲ್ಲ. 8, 9 ಸೆಕೆಂಡ್ ಅಂದುಕೊಳ್ಳಿ, ಹಾಗಾಗಿ ನಿಧಾನ ಕೂಡ. ಇಲ್ಲಿಂದ ಮಂಗಳೂರು ಕಡೆ ಮುಟ್ಟಲು ಮೂರೂವರೆ, ನಾಲ್ಕು ದಿನ ಬೇಕು. ಇಲ್ಲಿ ಗಾಳಿ ಎದ್ದ ದಿನ ನಾನು ಊರಿನ ತಮ್ಮನಿಗೆ ಮೆಸೇಜ್ ಹಾಕುತ್ತೇನೆ, ಅವನು ಲೆಕ್ಕ ಹಾಕಿ ಬೋರ್ಡ್ ಹೊರಗೆ ತೆಗೆಯುತ್ತಾನೆ. ನೀವು ಟಿವಿಯಲ್ಲಿ ಕಾಶ್ಮೀರದಲ್ಲಿ ಹಿಮ ಬಿತ್ತು ಅನ್ನುವ ಸುದ್ದಿ ನೋಡಿದಾಗಲೂ ನೆನಪಿಡಿ. ಆ ಅಡಚಣೆ ಇರಾನ್ ದಾಟಿಯೇ ಅಲ್ಲಿಗೆ ಹೋಗಿರುತ್ತದೆ, ಅದರ ಹಿಂದಿನ ಗಾಳಿ ಇಲ್ಲಿ ಆಗಲೇ ಬೀಸಿರಬಹುದು.

ಪಡುಗಡಲು (ಸುರತ್ಕಲ್):
ಶಮಾಲ್ ಅಲೆ ಬಗ್ಗೆ ಗೊತ್ತಿದೆ ಸರ್. ಆದರೆ ಅದು ಒರಟು. ಮತ್ತೆ ದಕ್ಷಿಣದ ಉದ್ದ ಅಲೆ ಬಂದ ದಿನವೂ ಸಸಿಹಿತ್ಲಿನಲ್ಲಿ ಏನಾಗುತ್ತದೆ? ನೇರ ಮರಳ ದಡ. ಇಡೀ ಅಲೆ ಒಂದೇ ಸಲ ಗೋಡೆ ಬಿದ್ದ ಹಾಗೆ ಕುಸಿಯುತ್ತದೆ. ಸವಾರಿ ಎಲ್ಲಿಂದ ಬರಬೇಕು?

ಅಳಿವೆಬಾಗಿಲು (ಮುಲ್ಕಿ):
ಒಳ್ಳೆಯ ಪ್ರಶ್ನೆ. ಚಳಿಗಾಲವನ್ನು ನಾನು ಇಷ್ಟಪಡುವುದೇ ಇದೇ ಕಾರಣಕ್ಕೆ.

ಬರೀ ನೈಋತ್ಯದ ಉದ್ದ ಅಲೆ ಬಂದರೆ ನೀವು ಹೇಳಿದ ಹಾಗೆ ಉದ್ದಕ್ಕೂ ಒಟ್ಟಿಗೇ ಮುರಿಯುತ್ತದೆ, ಒಪ್ಪುತ್ತೇನೆ. ಆದರೆ ಡಿಸೆಂಬರ್‌ನಿಂದ ಫೆಬ್ರವರಿ ತನಕ ಎಷ್ಟೋ ದಿನ ಎರಡು ಅಲೆ ಒಟ್ಟಿಗೆ ಇರುತ್ತವೆ. ನೈಋತ್ಯದಿಂದ ಒಂದು, ವಾಯವ್ಯದಿಂದ ಒಂದು. ನಮ್ಮ ದಡ ಎರಡಕ್ಕೂ ಓರೆ. ಅವು ಒಂದನ್ನೊಂದು ದಾಟುವಾಗ ಎರಡರ ನೆತ್ತಿ ಕೂಡಿದ ಕಡೆ ಅಲೆ ಎತ್ತರ, ಪಕ್ಕದಲ್ಲಿ ತಗ್ಗು. ಗೋಡೆ ಅಲ್ಲಲ್ಲಿ ತುಂಡಾಗಿ ಗುಡ್ಡದ ಆಕಾರ ಬರುತ್ತದೆ, ಎತ್ತರದ ಜಾಗದಲ್ಲಿ ಮೊದಲು ಮುರಿದು ಎಡಕ್ಕೂ ಬಲಕ್ಕೂ ಜಾರುತ್ತದೆ. ಮರಳ ದಡದ ಸರ್ಫಿಗೆ ಬೇಕಾದ್ದು ಅದೇ ಅಲ್ವಾ? ಅದು ಸೊಂಟದ ಎತ್ತರವಷ್ಟೇ ಇರಬಹುದು, ಆದರೂ ಗೋಡೆಯ ಹಾಗೆ ಬೀಳುವ ಆಳೆತ್ತರದ ಅಲೆಗಿಂತ ಹೆಚ್ಚು ದೂರ ಸವಾರಿ ಕೊಡುತ್ತದೆ. ಆ್ಯಪ್‌ನಲ್ಲಿ ಎರಡು ಬಾಣ ಬೇರೆ ಬೇರೆ ದಿಕ್ಕಿನಿಂದ ಕಂಡ ದಿನ ಹೊಸಬೋರ್ಡ್ ಅವರೇ, ನಕ್ಷತ್ರ ಇಲ್ಲದಿದ್ದರೂ ಬನ್ನಿ. ನಕ್ಷತ್ರ ಹಾಕುವ ಲೆಕ್ಕಕ್ಕೆ ನಮ್ಮ ಮರಳ ದಿಣ್ಣೆ ಗೊತ್ತಿಲ್ಲ.

12 ಸೆಕೆಂಡ್ ಅನ್ನುವ ನಿಮ್ಮ ಗೆರೆ ಚೆನ್ನಾಗಿದೆ, ಆದರೆ ಅದನ್ನೇ ಕಟ್ಟುನಿಟ್ಟು ಮಾಡಬೇಡಿ. 9 ಸೆಕೆಂಡಿನ ವಾಯವ್ಯ ಅಲೆಯಲ್ಲೂ ಬೆಳಿಗ್ಗೆ ಗಾಳಿ ಸರಿ ಇದ್ದರೆ ಕಲಿಯುವವರಿಗೆ ಬೇಕಾದಷ್ಟು ಸಿಗುತ್ತದೆ.

ಗಾಳಿಯ ಬಗ್ಗೆ ಈಗ. ಚಳಿಗಾಲದಲ್ಲಿ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಕಡಲು ಬೆಚ್ಚಗೇ ಇರುತ್ತದೆ. ಹಾಗಾಗಿ ನಡುರಾತ್ರಿಯಿಂದ ಬೆಳಗಿನ ತನಕ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಹೋಗುತ್ತದೆ. ಈ ಮೂಡಗಾಳಿ ಅಲೆಯ ಮುಖಕ್ಕೆ ಎದುರಾಗಿ ಬಂದು ಅದನ್ನು ನಯ ಮಾಡಿ ಎತ್ತಿ ಹಿಡಿಯುತ್ತದೆ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಹೆಚ್ಚು ಕಡಿಮೆ 7ಕ್ಕೆ. ಆಗ ನೀರಿನಲ್ಲಿರಬೇಕು, 10ರ ತನಕ ನಿಮ್ಮದೇ ಕಾಲ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗುತ್ತದೆ, ವಾಯವ್ಯದಿಂದ ಕಡಲಗಾಳಿ ಶುರುವಾಗುತ್ತದೆ, ಮಧ್ಯಾಹ್ನ ಎಲ್ಲ ಕದಡಿ ಹೋಗುತ್ತದೆ. ಮಧ್ಯಾಹ್ನ 3 ಗಂಟೆಗೆ ಬಂದು ನೋಡಿ ಇಲ್ಲಿ ಅಲೆಯೇ ಇಲ್ಲ ಅಂತ ವಿಡಿಯೋ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ಬೇಜಾರು. ಅದೇ ದಿನ ಬೆಳಿಗ್ಗೆ ಅದೇ ಜಾಗ ಗಾಜಿನ ಹಾಗೆ ಇದ್ದಿರುತ್ತದೆ.

ಇನ್ನೊಂದು ವಿಷಯ. ಕೆಲವು ದಿನ, ಮುಖ್ಯವಾಗಿ ಫೆಬ್ರವರಿಯಲ್ಲಿ, ಮೂಡಗಾಳಿ ಜೋರಾಗಿ ಕಡಲಗಾಳಿಯನ್ನು ಮಧ್ಯಾಹ್ನದ ತನಕ ಒಳಗೆ ಬಿಡುವುದೇ ಇಲ್ಲ. ಆವತ್ತು ಮಂಗಳೂರು ಸುಡುತ್ತದೆ. 2025ರ ಫೆಬ್ರವರಿ ಕೊನೆಯಲ್ಲಿ ಹವಾಮಾನ ಇಲಾಖೆ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತಲ್ಲ, ಅಂಥ ದಿನಗಳು. ಊರಿನವರೆಲ್ಲ ಸೆಕೆಗೆ ಬೈಯುತ್ತಿರುತ್ತಾರೆ, ಆದರೆ ಕಡಲು 12 ಗಂಟೆಗೂ ನಯವಾಗಿರುತ್ತದೆ. ನೀರು, ಟೋಪಿ, ಬಿಸಿಲಿಗೆ ಮುಖಕ್ಕೆ ಹಚ್ಚುವ ಜಿಂಕ್ ಇಟ್ಟುಕೊಂಡು ಬನ್ನಿ.

ಚೆನ್ನೈಕನ್ನಡಿಗ:
ಅಲೆ ಬೇಕೇ ಬೇಕು ಅಂದರೆ ಈ ಕಡೆ ಬನ್ನಿ ಅಂತ ಹೇಳಬೇಕೆಂದಿದ್ದೆ. ಈಶಾನ್ಯ ಮಾರುತದ ಕಾಲದಲ್ಲಿ ಕೋವಳಂ, ಮಹಾಬಲಿಪುರ ಕಡೆ ಅಲೆಯ ಎತ್ತರ ನಿಮಗಿಂತ ಜಾಸ್ತಿ. ಆದರೆ ಪ್ರಾಮಾಣಿಕವಾಗಿ ಹೇಳಬೇಕೆಂದರೆ ಆ ಗಾಳಿ ಕಡಲಿನಿಂದ ದಡಕ್ಕೇ ಬೀಸುತ್ತದೆ, ಅಲೆ ಹತ್ತಿರ ಹತ್ತಿರ ಬಂದು ಬಡಿಯುತ್ತದೆ, ಬದಿಯ ಸೆಳೆತವೂ ಜೋರು, ಡಿಸೆಂಬರ್‌ನಲ್ಲಿ ಚಂಡಮಾರುತದ ಭಯ ಬೇರೆ. ಕಲಿಯುವವರಿಗೆ ನಾನೂ ಪಡುವಣ ಕಡಲನ್ನೇ ಹೇಳುತ್ತೇನೆ.

ಗೋಕರ್ಣದತಡಿ:
ನಮ್ಮಲ್ಲೂ ಬೆಳಗಿನ ಲೆಕ್ಕ ಇದೇ. ಮುಖ್ಯ ಬೀಚ್ ಉದ್ದಕ್ಕೆ ತೆರೆದುಕೊಂಡಿದೆ, ಅಲೆ ಸಿಗುವುದು ಅಲ್ಲೇ. ಓಂ ಬೀಚಿಗೆ ಗುಡ್ಡದ ಮರೆ ಇರುವುದರಿಂದ ವಾಯವ್ಯ ಗಾಳಿಯ ಹೊಡೆತ ಕಡಿಮೆ, ಆದರೆ ಅಲೆಯೂ ಸಣ್ಣದು, ಬಂಡೆಗಳೂ ಇವೆ. ಬೋರ್ಡ್ ಇಟ್ಟುಕೊಂಡು ಬಂಡೆ ಹತ್ತಿರ ಹೋಗಬೇಡಿ.

ದೋಣಿಮನೆ (ಹೆಜಮಾಡಿ):
ಎಲ್ಲರೂ ಗಾಳಿ, ಅಲೆ ಹೇಳಿದಿರಿ. ಉಬ್ಬರ ಇಳಿತ ಯಾರೂ ಹೇಳಲಿಲ್ಲ ಮಾರಾಯ್ರೆ. ನಮ್ಮ ಮನೆಯವರು ಮೀನಿಗೆ ಹೋಗುವವರು, ನನಗೆ ಅದೇ ಮೊದಲು ಕಾಣುವುದು.

ಸಸಿಹಿತ್ಲಿನ ಬಡಗು ತುದಿಯಲ್ಲಿ ಶಾಂಭವಿ, ನಂದಿನಿ ಎರಡು ನದಿ ಕೂಡಿ ಕಡಲು ಸೇರುತ್ತವೆ. ಆ ಅಳಿವೆ ಒಂದೇ ಕಡೆ ನಿಲ್ಲುವುದಿಲ್ಲ, ಮರಳು ಸರಿಯುತ್ತಾ ಇರುತ್ತದೆ. ಹೋದ ವರ್ಷ ದಿಣ್ಣೆ ಇದ್ದ ಕಡೆ ಈ ವರ್ಷ ಗುಂಡಿ ಉಂಟು. ಆದ್ದರಿಂದ ಹಳೇ ವಿಡಿಯೋ ನೋಡಿ ಜಾಗ ಗುರುತು ಹಾಕಿಕೊಂಡು ಬರಬೇಡಿ, ಬಂದ ದಿನ ದಡದಲ್ಲಿ ಅರ್ಧ ಗಂಟೆ ಕೂತು ನೋಡಿ. ಎಲ್ಲಿ ಅಲೆ ಮುರಿಯುತ್ತದೋ ಅಲ್ಲಿ ಮರಳು ಮೇಲಿದೆ. ಎರಡು ಕಡೆ ನೊರೆ ಇದ್ದು ನಡುವೆ ಮಾತ್ರ ನೀರು ಸುಮ್ಮನೆ, ಸ್ವಲ್ಪ ಕಪ್ಪಾಗಿ ಕಂಡರೆ ಅದು ಒಳ್ಳೆಯ ಜಾಗ ಅಲ್ಲ. ನೀರು ಹೊರಗೆ ಎಳೆಯುವ ದಾರಿ ಅದು. ಊರು ನೋಡಲು ಬಂದವರು ಅಲೆ ಇಲ್ಲ ಅಂತ ಅಲ್ಲಿಯೇ ಇಳಿದು ಮುಳುಗುವುದು. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬೇಡಿ. ಬೋರ್ಡ್ ಬಿಡಬೇಡಿ, ಪಕ್ಕಕ್ಕೆ ಸರಿದು ನೊರೆ ಇರುವ ಕಡೆ ಬಂದು ಅದರ ಜೊತೆ ದಡಕ್ಕೆ ಬನ್ನಿ.

ಚಳಿಗಾಲದಲ್ಲಿ ನದಿಯಲ್ಲಿ ಮಳೆನೀರಿನ ಜೋರು ಇಲ್ಲ ಅಂತ ಧೈರ್ಯ ಬೇಡ. ಉಬ್ಬರದಲ್ಲಿ ಒಳಗೆ ತುಂಬಿದ ನೀರೆಲ್ಲ ಇಳಿತದಲ್ಲಿ ಅದೇ ಬಾಯಿಯಿಂದ ಹೊರಗೆ ಬರಬೇಕು. ಇಳಿತದ ನಡು ಹೊತ್ತಿನಲ್ಲಿ ಅಳಿವೆ ಹತ್ತಿರ ಹೊಸಬರು ಇಳಿಯಲೇ ಬಾರದು. ತೆಂಕು ಬದಿಗೆ ಬನ್ನಿ.

ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನಮ್ಮಲ್ಲಿ ಬೆಳಗಿನ ಜಾವ ಇಳಿತ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಉಬ್ಬರ. ಅಂದರೆ ನೀವು ಇಳಿಯುವ ಬೆಳಗಿನ ಹೊತ್ತು ನೀರು ಏರುತ್ತಾ ಇರುತ್ತದೆ. ನಿಮಗೆ ಅದೇ ಒಳ್ಳೆಯದು. ಅಷ್ಟಮಿ ಹೊತ್ತಿಗೆ ಇದು ತಿರುಗುತ್ತದೆ, ಬೆಳಿಗ್ಗೆ ನೀರು ಇಳಿಯುತ್ತಾ ಇರುತ್ತದೆ, ಆದರೆ ಆವಾಗ ಏರಿಳಿತವೇ ಕಡಿಮೆ. ದಿನಕ್ಕೆ ಮುಕ್ಕಾಲು ಗಂಟೆ, 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಬರುವ ಮೊದಲು ನವಮಂಗಳೂರು ಬಂದರಿನ ಉಬ್ಬರ ಇಳಿತದ ಪಟ್ಟಿ ಒಮ್ಮೆ ನೋಡಿಕೊಳ್ಳಿ.

ಅಳಿವೆಬಾಗಿಲು (ಮುಲ್ಕಿ):
ದೋಣಿಮನೆಯವರಿಗೆ ಧನ್ಯವಾದ. ಇದಕ್ಕೆ ಒಂದು ಸೇರಿಸುತ್ತೇನೆ. ಮಳೆಗಾಲದ ಅಲೆ ದಡದ ಮರಳನ್ನು ಕಿತ್ತು ಹೊರಗಿನ ದಿಣ್ಣೆಗೆ ಹಾಕುತ್ತದೆ. ಅಕ್ಟೋಬರ್ ಆದ ಮೇಲೆ ಸಣ್ಣ ಅಲೆ ಅದನ್ನು ನಿಧಾನ ದಡಕ್ಕೆ ವಾಪಸ್ ತರುತ್ತದೆ. ಹಾಗಾಗಿ ಡಿಸೆಂಬರ್‌ನಲ್ಲಿ ದಿಣ್ಣೆ ಇನ್ನೂ ಸ್ವಲ್ಪ ಹೊರಗೆ, ಅಲೆಗೆ ಓಡಲು ಜಾಗ ಇರುತ್ತದೆ. ಫೆಬ್ರವರಿ ಕೊನೆ ಹೊತ್ತಿಗೆ ಮರಳು ದಡಕ್ಕೆ ಏರಿ ದಡ ಕಡಿದಾಗುತ್ತದೆ, ತುಂಬು ಉಬ್ಬರದಲ್ಲಿ ಅಲೆ ಬಂದು ದಡದಲ್ಲೇ ದಬ್ ಅಂತ ಬೀಳುತ್ತದೆ. ಕುತ್ತಿಗೆ, ಭುಜಕ್ಕೆ ಪೆಟ್ಟಾಗುವುದು ಅಲ್ಲಿ. ಆ ಹೊತ್ತಿಗೆ ಹೊರಗೆ ಬಂದು ಚಹಾ ಕುಡಿಯಿರಿ. ನನ್ನ ಕೇಳಿದರೆ ಡಿಸೆಂಬರ್ ನಡುವಿನಿಂದ ಜನವರಿ ಕೊನೆ ತನಕ ಎಲ್ಲಕ್ಕಿಂತ ಚೆನ್ನ, ನಿಮ್ಮ ಸಂಕ್ರಾಂತಿ ಅದರ ಒಳಗೇ ಬರುತ್ತದೆ.

ಹೊಸಬೋರ್ಡ್ (ಬೆಂಗಳೂರು):
ಎಷ್ಟು ವಿಷಯ! ಎಲ್ಲ ಬರೆದಿಟ್ಟುಕೊಂಡೆ. ನೀರು ತಣ್ಣಗಿರುತ್ತದಾ, ವೆಟ್‌ಸೂಟ್ ಬೇಕಾ? ಮತ್ತೆ ಮಳೆ, ಚಂಡಮಾರುತ ಏನಾದರೂ? ಬೋರ್ಡ್ ಬಗ್ಗೆಯೂ ಒಂದು ಮಾತು ಹೇಳಿ.

ಪಡುಗಡಲು (ಸುರತ್ಕಲ್):
ವೆಟ್‌ಸೂಟ್ ಬೇಡವೇ ಬೇಡ. ನೀರು 27, 28 ಡಿಗ್ರಿ. ಬೆಳಿಗ್ಗೆ ದಡದಲ್ಲಿ ಗಾಳಿ 21, 22 ಡಿಗ್ರಿ ಇರಬಹುದು, ನೀರಿಗೆ ಇಳಿದರೆ ನೀರೇ ಬೆಚ್ಚಗೆ. ತೋಳಿರುವ ರ‍್ಯಾಶ್‌ಗಾರ್ಡ್ (ಮೈಗೆ ಅಂಟಿಕೊಳ್ಳುವ ತೆಳು ಅಂಗಿ) ಸಾಕು, ಅದೂ ಬಿಸಿಲಿಗೆ ಮತ್ತು ಬೋರ್ಡಿನ ಉಜ್ಜಾಟಕ್ಕೆ.

ಜನವರಿ, ಫೆಬ್ರವರಿಯಲ್ಲಿ ಮಳೆ ಇಲ್ಲ ಅಂತಲೇ ಇಟ್ಟುಕೊಳ್ಳಿ. ಜಾಗ್ರತೆ ಬೇಕಾದ್ದು ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರ. 2017ರಲ್ಲಿ ಓಖಿ ಚಂಡಮಾರುತ ಲಕ್ಷದ್ವೀಪ ದಾಟಿ ಉತ್ತರಕ್ಕೆ ಹೋದಾಗ ಡಿಸೆಂಬರ್ ಮೊದಲಲ್ಲಿ ನಮ್ಮ ದಡಕ್ಕೆ ಮಳೆಗಾಲದಂಥ ಅಲೆ ಬಂದು ಬಡಿಯಿತು. ಚಂಡಮಾರುತ ನಮ್ಮ ಮೇಲೆ ಬರಲೇ ಇಲ್ಲ, ದೂರದಲ್ಲೇ ಹೋಯಿತು. ಆಕಾಶ ತಿಳಿಯಾಗಿದೆ ಅಂತ ಕಡಲು ನಂಬಬೇಡಿ ಅನ್ನುವುದು ಅದಕ್ಕೇ. 2024ರಲ್ಲಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ನೆಲ ಮುಟ್ಟಿ ದುರ್ಬಲವಾಗಿ ಈ ಕಡೆ ಬಂದಾಗಲೂ ದಕ್ಷಿಣ ಕನ್ನಡದಲ್ಲಿ ಡಿಸೆಂಬರ್ 3ಕ್ಕೆ ಜೋರು ಮಳೆ, ಶಾಲೆಗೆ ರಜೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನುಗಾರರಿಗಾಗಿ ಅಲೆಯ ಎಚ್ಚರಿಕೆ ಕೊಡುತ್ತದೆ. ಸರ್ಫ್ ಆ್ಯಪ್ ಏನೇ ಹೇಳಲಿ, ಅದು ಎಚ್ಚರಿಕೆ ಕೊಟ್ಟ ದಿನ ಇಳಿಯಬೇಡಿ.

ಅಳಿವೆಬಾಗಿಲು ಹೇಳಿದ ಎರಡು ಅಲೆ ಕೂಡುವ ಮಾತು ಮಾತ್ರ ಒಪ್ಪಿದೆ. ಒಳ್ಳೆಯ ಜನವರಿ ಬೆಳಗು ನಾನೂ ಕಂಡಿದ್ದೇನೆ. ಆದರೂ ಎರಡೇ ದಿನಕ್ಕೆ ಬರುವವರಿಗೆ ನಾನು ಚಳಿಗಾಲ ಹೇಳುವುದಿಲ್ಲ. ನಾಲ್ಕೈದು ದಿನ ಇಟ್ಟುಕೊಂಡು ಬನ್ನಿ, ಒಂದೆರಡು ದಿನ ಪೂರ್ತಿ ಚಪ್ಪಟೆ ಇದ್ದರೂ ಉಳಿದದ್ದು ಸಿಗುತ್ತದೆ.

ಅಳಿವೆಬಾಗಿಲು (ಮುಲ್ಕಿ):
ಅದು ನ್ಯಾಯದ ಮಾತು. ನಾಲ್ಕೈದು ದಿನ ಇರಲೇಬೇಕು.

ಬೋರ್ಡ್: 8ರಿಂದ 9 ಅಡಿಯ ಮೆತ್ತನೆ ಬೋರ್ಡ್. ಇಲ್ಲಿನ ಸರ್ಫ್ ಶಾಲೆಗಳಲ್ಲಿ ಬಾಡಿಗೆಗೆ ಸಿಗುತ್ತದೆ, ಬೆಂಗಳೂರಿನಿಂದ ಹೊತ್ತು ತರುವ ಕಷ್ಟ ಬೇಡ. ಚಳಿಗಾಲದ ಅಲೆಗೆ ಬಲ ಕಡಿಮೆ, ತೇಲುವ ಗುಣ ಜಾಸ್ತಿ ಇರುವ ಬೋರ್ಡ್ ಇದ್ದರೆ ಅಲೆ ಮುರಿಯುವ ಮೊದಲೇ ಹಿಡಿಯಬಹುದು. ಹಸಿರು ಅಲೆ ಕಲಿಯುವವರಿಗೆ ಬೇಕಾದ್ದು ಅದೇ. ಅಂದ ನೋಡಿ 6 ಅಡಿಯದ್ದು ತಂದರೆ ರಜೆಯೆಲ್ಲ ನೀರಿನಲ್ಲಿ ಕೂತು ಬರುತ್ತೀರಿ. ಮೊದಲ ದಿನ ಇಲ್ಲಿನ ಹುಡುಗರಲ್ಲಿ ಒಬ್ಬರನ್ನು ಜೊತೆಗೆ ಕರೆದುಕೊಂಡು ಇಳಿಯಿರಿ, ಆ ವಾರದ ದಿಣ್ಣೆ ಎಲ್ಲಿದೆ ಅಂತ ಅವರಿಗೆ ಗೊತ್ತಿರುತ್ತದೆ.

ದೋಣಿಮನೆ (ಹೆಜಮಾಡಿ):
ಒಂದು ಕೇಳಿಕೆ ಉಂಟು. ಈ ಕಾಲದಲ್ಲಿ ಕಡಲು ಸೌಮ್ಯ ಇರುವುದರಿಂದ ನಮ್ಮವರು ದಡದ ಹತ್ತಿರವೇ ಕೈರಂಪಣಿ ಬಲೆ ಹಾಕುತ್ತಾರೆ, ದಡದಲ್ಲಿ ಹಗ್ಗ ಹಿಡಿದು ಎಳೆಯುತ್ತಾರೆ. ಬಂಗುಡೆ, ಬೂತಾಯಿ ಹತ್ತಿರ ಬಂದರೆ ಇಡೀ ಬೆಳಿಗ್ಗೆ ಅದೇ ಕೆಲಸ. ನೀರಿನಲ್ಲಿ ಸಾಲಾಗಿ ತೇಲುವ ಬೆಂಡು ಕಂಡರೆ ಆ ಬಲೆಯ ಒಳಗೆ, ಮೇಲೆ ಎಲ್ಲೂ ಹೋಗಬೇಡಿ. ನಿಮ್ಮ ಬೋರ್ಡಿನ ಅಡಿಯ ಫಿನ್ (ರೆಕ್ಕೆ) ಸಿಕ್ಕಿದರೆ ಬಲೆ ಹರಿಯುತ್ತದೆ, ಕಾಲಿಗೆ ಕಟ್ಟುವ ಲೀಶ್ ಹಗ್ಗ ಸಿಕ್ಕಿದರೆ ನಿಮ್ಮ ಜೀವಕ್ಕೇ ಅಪಾಯ. ಅವರು ಬಲೆ ಎಳೆದು ಮುಗಿಸುವ ತನಕ ಬೇರೆ ಕಡೆ ಆಡಿ. ಇಳಿಯುವ ಮೊದಲು ಎಲ್ಲಿ ಬಲೆ ಇದೆ ಅಣ್ಣ ಅಂತ ಒಂದು ಮಾತು ಕೇಳಿ, ಸಂತೋಷದಿಂದ ಹೇಳುತ್ತಾರೆ. ಅಲೆ, ಸೆಳೆತವನ್ನೂ ಅವರೇ ಹೇಳುತ್ತಾರೆ.

ಹೊಸಬೋರ್ಡ್ (ಬೆಂಗಳೂರು):
ಖಂಡಿತ ಕೇಳುತ್ತೇನೆ ಅಣ್ಣ. ಐದು ದಿನ ಇರುವ ಹಾಗೆ ರಜೆ ಹಾಕುತ್ತೇನೆ, ಪಂಚಾಂಗ ನೋಡಿ ಅಮಾವಾಸ್ಯೆ ಹತ್ತಿರಕ್ಕೆ ಹೊಂದಿಸಲು ನೋಡುತ್ತೇನೆ. ಕೊನೆಯದು, ಜೆಲ್ಲಿ ಮೀನು ಕಡಿಯುತ್ತದೆ ಅಂತ ಓದಿದೆ. ಚಳಿಗಾಲದಲ್ಲಿ ಜಾಸ್ತಿಯಾ?

ಅಳಿವೆಬಾಗಿಲು (ಮುಲ್ಕಿ):
ಕೆಲವು ದಿನ ಇರುತ್ತವೆ, ಕೆಲವು ವಾರ ಒಂದೂ ಇಲ್ಲ. ದಡದಲ್ಲಿ ಬಿದ್ದಿರುವುದು ಕಂಡರೆ ನೀರಿನಲ್ಲೂ ಇವೆ ಅಂತ ತಿಳಿಯಿರಿ, ಸತ್ತದ್ದನ್ನೂ ಮುಟ್ಟಬೇಡಿ. ತಾಗಿದರೆ ಉಜ್ಜಬೇಡಿ, ಮರಳು ಹಾಕಬೇಡಿ, ಸಿಹಿನೀರೂ ಬೇಡ. ಕಡಲ ನೀರಿನಲ್ಲೇ ತೊಳೆದು, ಅಂಟಿದ ಎಳೆ ಇದ್ದರೆ ಬರಿಗೈಯಲ್ಲಿ ಮುಟ್ಟದೆ ತೆಗೆಯಿರಿ. ಆಮೇಲೆ ತಡೆಯುವಷ್ಟು ಬಿಸಿ ಇರುವ ನೀರಿನಲ್ಲಿ ಆ ಭಾಗ ಇಟ್ಟರೆ ನೋವು ಇಳಿಯುತ್ತದೆ. ಉಸಿರಾಟಕ್ಕೆ ಕಷ್ಟವಾದರೆ, ಮುಖ ಊದಿಕೊಂಡರೆ ಕಾಯಬೇಡಿ, ನೇರ ಆಸ್ಪತ್ರೆ. ತೋಳುದ್ದದ ರ‍್ಯಾಶ್‌ಗಾರ್ಡ್ ಇದಕ್ಕೂ ಆಗುತ್ತದೆ, ಅದನ್ನು ಮರೆಯದೆ ತನ್ನಿ.